ರಬ್ಬಿ ಇಲ್ಲದ ಊರಿನಲ್ಲಿ ಧರ್ಮಶಾಸ್ತ್ರ: ಕರ್ನಾಟಕದ ಯೆಹೂದ್ಯರ ಚರಿತ್ರೆಯಿಂದ ಒಂದು ಅಧ್ಯಯನ

ಪೀಠಿಕೆ

ಮಾವಳ್ಳಿಯಿಂದ ಜೆ.ಸಿ. ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಪುರಭವನವೂ ಅದರಾಚೆ ಹಡ್ಸನ್ ಸ್ಮಾರಕ ದೇವಾಲಯವೂ ಸಿಗುತ್ತವೆ. ಬೆಂಗಳೂರಿನ ಕನ್ನಡ ಕ್ರೈಸ್ತರಿಗೆ ಚಿರಪರಿಚಿತವಾದ ಈ ದೇವಾಲಯವು 1904ರಲ್ಲಿ ಪ್ರತಿಷ್ಠೆಗೊಂಡಿತು. ಅದೇ ಮಾವಳ್ಳಿಯಿಂದ ಪಶ್ಚಿಮಕ್ಕೆ ತಿರುಗಿ, ಚಾಮರಾಜಪೇಟೆಯನ್ನು ದಾಟಿ ಮೈಸೂರು ರಸ್ತೆಯ ಕಡೆಗೆ ಹೋದರೆ, ನಮ್ಮಲ್ಲಿ ಹೆಚ್ಚಿನವರು ಕಂಡಿರದ ಒಂದು ಸಮಾಧಿಭೂಮಿ ಇದೆ. ಅದು ಯೆಹೂದ್ಯರದು. ಆ ಭೂಮಿಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ಕೊಟ್ಟದ್ದೂ 1904ರಲ್ಲಿಯೇ. ಕಮರ್ಷಿಯಲ್ ಸ್ಟ್ರೀಟಿನ ಪಾದರಕ್ಷೆ ವ್ಯಾಪಾರಿ ರೂಬಿನ್ ಮೋಸೆಸ್ ಅವರ ಮನೆಯಲ್ಲಿ ಕೂಡಿ ಪ್ರಾರ್ಥಿಸುತ್ತಿದ್ದ ಆ ಸಣ್ಣ ಸಮುದಾಯಕ್ಕೆ ಸತ್ತವರನ್ನು ಹೂಳಲು ಸ್ಥಳ ದೊರೆಯಿತು. ಆದರೆ ಅದಕ್ಕೆ ತನ್ನದೇ ಆದ ಸಭಾಮಂದಿರವೂ ಇರಲಿಲ್ಲ, ರಬ್ಬಿಯೂ ಇರಲಿಲ್ಲ.

ನಮ್ಮ ಪ್ರಸಂಗಗಳಲ್ಲಿ ರಬ್ಬಿಯನ್ನು 'ಯೆಹೂದ್ಯರ ಪಾದ್ರಿ' ಎಂದು ವಿವರಿಸುವ ರೂಢಿಯಿದೆ. ಈ ವಿವರಣೆ ನಿಜವಾಗಿದ್ದರೆ ರಬ್ಬಿಯಿಲ್ಲದ ಸಮುದಾಯವು ಕುರುಬನಿಲ್ಲದ ಮಂದೆಯಂತೆ ಚದರಿಹೋಗಬೇಕಾಗಿತ್ತು. ಹಾಗಾಗಲಿಲ್ಲ. ಕರ್ನಾಟಕದ ನೆಲದಲ್ಲಿ ಸುಮಾರು 900 ವರ್ಷಗಳ ಹಿಂದೆಯೇ ಯೆಹೂದ್ಯರು ಧರ್ಮಶಾಸ್ತ್ರಕ್ಕೆ ತಕ್ಕಂತೆ ದಸ್ತಾವೇಜುಗಳನ್ನು ಬರೆದಿದ್ದಾರೆ. ಬೆಂಗಳೂರಿನಲ್ಲಿ ಸಬ್ಬತ್ತನ್ನು ಆಚರಿಸಿದ್ದಾರೆ. ತಮ್ಮವರನ್ನು ತಮ್ಮ ವಿಧಿಯಂತೆ ಮಣ್ಣುಮಾಡಿದ್ದಾರೆ. ರಬ್ಬಿಯ ಉದ್ಯೋಗವೆಂದರೇನು, ಅದಿಲ್ಲದ ಕಡೆ ಉಳಿಯುವುದು ಯಾವುದು, ಕಳೆದುಹೋಗುವುದು ಯಾವುದು ಎಂಬ ಪ್ರಶ್ನೆಗಳನ್ನು ಈ ಚರಿತ್ರೆಯ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಯಾಜಕನಲ್ಲ, ಬೋಧಕ

'ರವ್' ಎಂದರೆ ದೊಡ್ಡವನು, ಒಡೆಯ. 'ರಬ್ಬಿ' ಎಂದರೆ ನನ್ನ ಒಡೆಯನೇ, ನನ್ನ ಗುರುವೇ ಎಂದರ್ಥ. ಸುವಾರ್ತೆಗಳಲ್ಲಿ ಇದು ಮುಖ್ಯವಾಗಿ ಒಂದು ಸಂಬೋಧನೆ. ನಿಕೊದೇಮನು ರಾತ್ರಿಯಲ್ಲಿ ಬಂದು ಯೇಸುವನ್ನು ಕರೆದದ್ದು ಹೀಗೆಯೇ; ತೋಟದಲ್ಲಿ ಯೂದನು ಮುದ್ದಿಡುವಾಗ ಬಳಸಿದ್ದೂ ಇದೇ ಮಾತು; ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳ ಬಾಯಿಂದ ಬಂದದ್ದು ಇದರದೇ ಇನ್ನೊಂದು ರೂಪ. ಯೇಸುವಿನ ಕಾಲದಲ್ಲಿ ಅದು ಪಟ್ಟಕಟ್ಟಿ ಕೊಡುವ ಪದವಿಯಾಗಿರಲಿಲ್ಲ. ಯೇಸುವಿಗಿಂತ ಸ್ವಲ್ಪ ಮುಂಚಿನವರಾದ ಹಿಲ್ಲೇಲ್ ಮತ್ತು ಶಮ್ಮಾಯ್ ಎಂಬ ಮಹಾಬೋಧಕರ ಹೆಸರುಗಳ ಮುಂದೆ ಯೆಹೂದ್ಯ ಪರಂಪರೆಯು ಇಂದಿಗೂ 'ರಬ್ಬಿ' ಎಂದು ಸೇರಿಸುವುದಿಲ್ಲ.

ಈ ಸಂಬೋಧನೆ ಉದ್ಯೋಗದ ಹೆಸರಾದದ್ದು ಒಂದು ಮಹಾನಾಶದ ನಂತರ. ಕ್ರಿ.ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟರು. ಬಲಿಪೀಠ ಹೋಯಿತು, ಬಲಿಪೀಠದ ಸುತ್ತ ಇದ್ದ ಯಾಜಕರ ಸೇವೆಯೂ ನಿಂತಿತು. ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಬೋಧಕನು ಕರಾವಳಿಯ ಬಳಿಯ ಯಬ್ನೆ ಎಂಬ ಊರಿನಲ್ಲಿ ಶಿಷ್ಯರನ್ನು ಕೂಡಿಸಿ, ದೇವಾಲಯವಿಲ್ಲದೆ ದೇವಜನರು ಬದುಕುವುದು ಹೇಗೆಂಬುದನ್ನು ಯೋಚಿಸಲಾರಂಭಿಸಿದನು. ಆ ಶಾಲೆಯಿಂದ ಬೆಳೆದ ಪರಂಪರೆ ಸುಮಾರು 200ನೆಯ ಇಸವಿಯ ಹೊತ್ತಿಗೆ ಯೆಹೂದ ಹನ್ನಾಸಿಯ ಕೈಯಲ್ಲಿ ಮಿಶ್ನಾ ಎಂಬ ಗ್ರಂಥವಾಯಿತು. ಮುಂದಿನ ಶತಮಾನಗಳಲ್ಲಿ ಅದರ ಮೇಲಿನ ಚರ್ಚೆಗಳು ಪಲೆಸ್ತೀನಿನಲ್ಲಿ ಒಂದು, ಬಾಬೆಲಿನಲ್ಲಿ ಒಂದು, ಹೀಗೆ ಎರಡು ತಲ್ಮೂದ್‌ಗಳಾದವು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಯಾಜಕತ್ವವು ವಂಶದಿಂದ ಬರುವಂಥದು. ಆರೋನನ ಕುಲದವನಾಗಿ ಹುಟ್ಟಿದವನು ಓದು ಬಾರದಿದ್ದರೂ ಯಾಜಕನೇ. ರಬ್ಬಿಯಾಗುವವನಿಗೆ ವಂಶ ಬೇಕಿಲ್ಲ. ಅವನು ಗುರುವಿನ ಪಾದದ ಬಳಿ ಕುಳಿತು ಕಲಿತಿರಬೇಕು. ಪೌಲನು ಗಮಲಿಯೇಲನ ವಿಷಯವಾಗಿ ಹೇಳಿಕೊಳ್ಳುವುದು ಇದನ್ನೇ. ರಬ್ಬಿಯ ಮುಖ್ಯ ಕೆಲಸಗಳು ಎರಡು: ಧರ್ಮಶಾಸ್ತ್ರವನ್ನು ಕಲಿಸುವುದು ಮತ್ತು ಅದರ ಪ್ರಕಾರ ತೀರ್ಪು ಕೊಡುವುದು. ಮದುವೆ, ವಿವಾಹವಿಚ್ಛೇದನ, ಆಸ್ತಿ, ಆಹಾರದ ಶುದ್ಧಿ ಮುಂತಾದ ವಿಷಯಗಳಲ್ಲಿ ಸಂದೇಹ ಬಂದಾಗ ಜನರು ಅವನ ಬಳಿಗೆ ಹೋಗುತ್ತಿದ್ದರು. ಮೂವರು ಕೂಡಿದರೆ ಅದು 'ಬೇತ್ ದೀನ್', ಅಂದರೆ ನ್ಯಾಯಸಭೆ.

ಆರಾಧನೆಗಾದರೋ ರಬ್ಬಿಯು ಅನಿವಾರ್ಯನಲ್ಲ. ಪ್ರಾಪ್ತವಯಸ್ಕರಾದ ಹತ್ತು ಮಂದಿ ಪುರುಷರು ಸೇರಿದರೆ ಸಾಮೂಹಿಕ ಪ್ರಾರ್ಥನೆ ನಡೆಯಬಹುದು. ಈ ಹತ್ತರ ಕೂಟಕ್ಕೆ 'ಮಿನ್ಯಾನ್' ಎಂದು ಹೆಸರು. ಪ್ರಾರ್ಥನೆಯನ್ನು ನಡೆಸುವವನು 'ಹಜ್ಜಾನ್'. ಅವನಿಗೆ ಇಬ್ರಿಯ ಪಾಠವೂ ರಾಗವೂ ತಿಳಿದಿದ್ದರೆ ಸಾಕು. ಆದುದರಿಂದ ರಬ್ಬಿಯನ್ನು ನಮ್ಮ ಸಭಾಪಾಲಕರಿಗೆ ಹೋಲಿಸುವುದಕ್ಕಿಂತ, ಗುರುಕುಲದ ಆಚಾರ್ಯನೂ ಊರಿನ ನ್ಯಾಯಾಧಿಪತಿಯೂ ಒಬ್ಬನೇ ಆಗಿದ್ದರೆ ಹೇಗೋ ಹಾಗೆ ಎಂದರೆ ನಿಜಕ್ಕೆ ಹತ್ತಿರವಾದೀತು.

ಕೈಯಿಡುವಿಕೆ ಮತ್ತು ಜೀವನೋಪಾಯ

ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಮೋಶೆಯು ಯೆಹೋಶುವನ ಮೇಲೆ ಕೈಯಿಟ್ಟು ಅವನನ್ನು ನೇಮಿಸುತ್ತಾನೆ. ರಬ್ಬಿಗಳ ದೀಕ್ಷೆಗೆ 'ಸೆಮಿಖಾ', ಅಂದರೆ ಕೈಯಿಡುವಿಕೆ ಎಂಬ ಹೆಸರು ಬಂದದ್ದು ಈ ಘಟನೆಯಿಂದ. ನಮ್ಮ ಗುರುದೀಕ್ಷೆಯ ಕೈಯಿಡುವಿಕೆಯ ಹಿಂದೆ ನಿಂತಿರುವುದೂ ಇದೇ ವಾಕ್ಯಭಾಗ. ಆದರೆ ಎರಡು ಧರ್ಮಗಳಲ್ಲಿ ಅದರ ಮುಂದಿನ ಕಥೆ ಬೇರೆಯಾಯಿತು. ಪೂರ್ಣಾಧಿಕಾರದ ಸೆಮಿಖಾವನ್ನು ಇಸ್ರಾಯೇಲ್ ದೇಶದಲ್ಲಿ ಮಾತ್ರ ಕೊಡಬಹುದೆಂಬ ನಿಯಮವಿತ್ತು; ಆದ್ದರಿಂದಲೇ ಬಾಬೆಲಿನ ಪಂಡಿತರಿಗೆ 'ರಬ್ಬಿ' ಎನ್ನದೆ 'ರವ್' ಎಂದರು. ರೋಮನ್ ಸಾಮ್ರಾಜ್ಯದ ಕೊನೆಯ ಕಾಲದಲ್ಲಿ ಆ ಸರಪಳಿ ಕಡಿದುಹೋಯಿತು. 1538ರಲ್ಲಿ ಗಲಿಲಾಯದ ಸಫೇದ್ ಊರಿನಲ್ಲಿ ಯಾಕೋಬ್ ಬೆರಾಬ್ ಎಂಬವರು ಅದನ್ನು ಮತ್ತೆ ಜೋಡಿಸಲು ಯತ್ನಿಸಿದರೂ, ಯೆರೂಸಲೇಮಿನ ಪಂಡಿತರು ಒಪ್ಪದ ಕಾರಣ ಆ ಯತ್ನ ಫಲಿಸಲಿಲ್ಲ. ಇಂದು ರಬ್ಬಿಗಳಿಗೆ ದೊರೆಯುವ ಸೆಮಿಖಾ ಮಧ್ಯಯುಗದ ಕೊನೆಯಲ್ಲಿ ಯುರೋಪಿನಲ್ಲಿ ರೂಢಿಗೆ ಬಂದದ್ದು. ಶಿಷ್ಯನು ತೀರ್ಪು ಕೊಡಲು ಯೋಗ್ಯನೆಂದು ಗುರುವು ಬರೆದುಕೊಡುವ ಪ್ರಮಾಣಪತ್ರವದು.

ರಬ್ಬಿಯು ಸಂಬಳ ಪಡೆಯಬಹುದೇ ಎಂಬ ಪ್ರಶ್ನೆಯೂ ಹಳೆಯದು. ಧರ್ಮಶಾಸ್ತ್ರವನ್ನು ಅಗೆಯುವ ಗುದ್ದಲಿಯಾಗಿ ಮಾಡಿಕೊಳ್ಳಬಾರದೆಂದು ಮಿಶ್ನಾದ 'ಪಿತೃಗಳು' ಎಂಬ ಭಾಗವು ಎಚ್ಚರಿಸುತ್ತದೆ. 12ನೆಯ ಶತಮಾನದ ಮಹಾಪಂಡಿತ ಮೈಮೊನಿದೆಸನು ಈ ಮಾತಿನ ಮೇಲೆ ಬರೆಯುತ್ತಾ, ವಿದ್ಯೆಯನ್ನು ತೋರಿಸಿ ಸಭೆಯ ಹಣದಿಂದ ಜೀವಿಸುವವರನ್ನು ಕಟುವಾಗಿ ಖಂಡಿಸಿದನು. ಅವನನ್ನು ಸಾಕುತ್ತಿದ್ದವನು ವ್ಯಾಪಾರಿಯಾಗಿದ್ದ ತಮ್ಮ ದಾವೀದ. ಆ ತಮ್ಮನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ ಮೇಲೆ ಮೈಮೊನಿದೆಸನು ವೈದ್ಯವೃತ್ತಿಯಿಂದ ಹೊಟ್ಟೆ ಹೊರೆದುಕೊಂಡನು. ಮುಂದಿನ ಶತಮಾನಗಳಲ್ಲಿ ಈ ಆದರ್ಶವನ್ನು ಪೂರ್ತಿಯಾಗಿ ಪಾಲಿಸಲಾಗಲಿಲ್ಲ. ಸಮುದಾಯಗಳು ರಬ್ಬಿಗೆ ಹಣ ಕೊಡಲಾರಂಭಿಸಿದವು; ಆದರೆ ಅದನ್ನು ಬೋಧನೆಯ ಬೆಲೆಯೆಂದು ಕರೆಯದೆ, ಬೇರೆ ಕಸುಬು ಮಾಡಲಾಗದೆ ಅವನು ಕಳೆದುಕೊಂಡ ಸಮಯಕ್ಕೆ ಪರಿಹಾರವೆಂದು ಕರೆದವು.

ಮಂಗಳೂರಿನ ಬಿಡುಗಡೆ ಪತ್ರ, 1132

ಇಂಡಿಯಾದ ಸಮುದ್ರವೇ ನಮ್ಮನ್ನು ಕರ್ನಾಟಕಕ್ಕೆ ಕರೆತರುತ್ತದೆ. ಈಜಿಪ್ಟಿನ ಹಳೆಯ ಕೈರೋದಲ್ಲಿರುವ ಬೆನ್ ಎಜ್ರಾ ಸಭಾಮಂದಿರದಲ್ಲಿ, ದೇವರ ನಾಮವಿರಬಹುದಾದ ಕಾಗದಗಳನ್ನು ನಾಶಮಾಡದೆ ಒಂದು ಕೋಣೆಯಲ್ಲಿ ತುಂಬಿಡುತ್ತಿದ್ದರು. ಅದಕ್ಕೆ 'ಗೆನೀಜಾ' ಎಂದು ಹೆಸರು. 1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು, ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ವಿದುಷಿಯರು, ಪೂರ್ವದೇಶದಿಂದ ತಂದ ಹಾಳೆಗಳನ್ನು ಕೇಂಬ್ರಿಜ್ಜಿನ ಯೆಹೂದ್ಯ ಪಂಡಿತ ಸಾಲೊಮನ್ ಶೆಕ್ಟರರಿಗೆ ತೋರಿಸಿದರು. ಅದರಿಂದ ಪ್ರೇರಿತರಾದ ಶೆಕ್ಟರರು ಕೈರೋಗೆ ಹೋಗಿ ಆ ಭಂಡಾರದ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಅದರೊಳಗೆ ಮಂಗಳೂರಿನಲ್ಲಿ ನೆಲೆಸಿದ್ದ ಒಬ್ಬ ಯೆಹೂದ್ಯ ವ್ಯಾಪಾರಿಯ ಕಾಗದಪತ್ರಗಳೂ ಇದ್ದವು. ಎಸ್.ಡಿ. ಗೊಯ್‌ಟೈನರು ಅವುಗಳನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಅಮಿತಾವ್ ಘೋಷ್ ಅವರ ಗ್ರಂಥದಿಂದ ಆ ವ್ಯಾಪಾರಿಯೂ ಅವನ ತುಳುನಾಡಿನ ಆಳು ಬೊಮ್ಮನೂ ಸಾಮಾನ್ಯ ಓದುಗರಿಗೆ ಪರಿಚಿತರಾದರು.

ಆ ವ್ಯಾಪಾರಿಯ ಹೆಸರು ಅಬ್ರಹಾಮ್ ಬೆನ್ ಯಿಜು. ಇಂದಿನ ಟುನೀಸಿಯಾದ ಮಹ್ದಿಯಾ ಅವನ ಹುಟ್ಟೂರು. ಏಡನ್ನಿನ ಮೂಲಕ ಮಲಬಾರಿನ ತೀರಕ್ಕೆ ಬಂದ ಅವನು ಸುಮಾರು 17 ವರ್ಷ ಇಲ್ಲಿ ಕಳೆದನು. ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣಗಳ ವ್ಯಾಪಾರ ಮಾಡಿದನು. ಏಡನ್ನಿನಿಂದ ಬಂದ ಒಡಕು ಹಿತ್ತಾಳೆ ಪಾತ್ರೆಗಳನ್ನು ಕರಗಿಸಿ ಹೊಸದು ಮಾಡಿಸುವ ಕಾರ್ಖಾನೆಯನ್ನು ನಡೆಸಿದನು. ಏಡನ್ನಿನ ಸ್ನೇಹಿತರು ಅವನಿಗೆ ಉಡುಗೊರೆಯಾಗಿ ಕಾಗದವನ್ನು ಕಳುಹಿಸುತ್ತಿದ್ದರು. ಇಲ್ಲಿ ಅದು ದುರ್ಲಭವಾಗಿತ್ತು. ಬಂದ ಪತ್ರಗಳ ಖಾಲಿ ಜಾಗದಲ್ಲಿ ಅವನು ಲೆಕ್ಕಗಳನ್ನೂ ಇಬ್ರಿಯ ಪದ್ಯಗಳನ್ನೂ ಧರ್ಮಶಾಸ್ತ್ರದ ವಿಷಯಗಳ ಕರಡುಗಳನ್ನೂ ಬರೆದುಕೊಂಡನು. ವ್ಯಾಪಾರಿಯೇ ಪಂಡಿತನೂ ಆಗಿರುವುದು ಆ ಕಾಲದ ಯೆಹೂದ್ಯರಲ್ಲಿ ಅಪರೂಪವಾಗಿರಲಿಲ್ಲ. ಮೈಮೊನಿದೆಸನ ಆದರ್ಶ ಅಲ್ಲಿ ನಿತ್ಯಜೀವನವಾಗಿತ್ತು.

1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬೆನ್ ಯಿಜುವು ಆಷು ಎಂಬ ಈ ನಾಡಿನ ದಾಸಿಯನ್ನು ಬಿಡುಗಡೆ ಮಾಡಿದನು. ಆಕೆಗೆ ಬೆರಾಖಾ, ಅಂದರೆ ಆಶೀರ್ವಾದ ಎಂಬ ಇಬ್ರಿಯ ಹೆಸರನ್ನಿಟ್ಟರು. ಆಕೆಯೇ ಮುಂದೆ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ತಿಳಿಯುತ್ತಾರೆ. ಬಿಡುಗಡೆ ಪತ್ರವು ರಬ್ಬಿಗಳ ನ್ಯಾಯಸಭೆಗಳು ಗೊತ್ತುಮಾಡಿದ ವಾಕ್ಯಸರಣಿಯಲ್ಲಿದೆ. ಮಂಗಳೂರನ್ನು ಮಹಾಸಮುದ್ರದ ತೀರದ ರಾಜಪಟ್ಟಣವೆಂದು ಹೆಸರಿಸಿ, ಅದು ಬಗ್ದಾದಿನಲ್ಲಿದ್ದ ದೇಶಭ್ರಷ್ಟರ ಅಧಿಪತಿ ದಾನಿಯೇಲನ ಅಧಿಕಾರವ್ಯಾಪ್ತಿಗೆ ಸೇರಿದ್ದೆಂದು ಪತ್ರವು ಹೇಳುತ್ತದೆ. ಬಾಸೆಲ್ ಮಿಷನಿನ ಮೊದಲ ಮಿಷನರಿಗಳು 1834ರಲ್ಲಿ ಮಂಗಳೂರಿಗೆ ಬರುವುದಕ್ಕೆ ಏಳು ಶತಮಾನಗಳ ಮೊದಲು, ರಬ್ಬಿಗಳ ಧರ್ಮಶಾಸ್ತ್ರವು ಆ ಊರಿನಲ್ಲಿ ಒಬ್ಬ ಹೆಂಗಸಿನ ಸ್ಥಿತಿಯನ್ನು ಬದಲಿಸಿತ್ತು.

ಈ ಪತ್ರವನ್ನು ಕೇವಲ ಹೆಮ್ಮೆಯಿಂದ ಓದಲಾಗದು. ಆಷುವನ್ನು ಕೊಂಡಿದ್ದ ಕಾರಣದಿಂದಲೇ ಅವಳನ್ನು ಬಿಡಿಸಬೇಕಾಗಿ ಬಂತು. ಆಕೆಯ ಇಚ್ಛೆ ಏನಿತ್ತೆಂಬುದಕ್ಕೆ ಆ ದಸ್ತಾವೇಜಿನಲ್ಲಿ ಎಡೆಯಿಲ್ಲ. 1149ರಲ್ಲಿ ಬೆನ್ ಯಿಜುವು ಇಬ್ಬರು ಮಕ್ಕಳೊಡನೆ ಏಡನ್ನಿಗೆ ಹಿಂದಿರುಗಿ ತನ್ನ ಸೋದರರಿಗೆ ಬರೆದ ಪತ್ರದಲ್ಲಿ ಆಕೆಯ ಹೆಸರಿಲ್ಲ. ಆದರೂ ಧರ್ಮಶಾಸ್ತ್ರವು ಅವನನ್ನು ಒಂದು ವಿಷಯದಲ್ಲಿ ಕಟ್ಟಿಹಾಕಿತು: ದೂರದೇಶದಲ್ಲಿ ಯಾರೂ ನೋಡುವವರಿಲ್ಲವೆಂದು ಅವನು ಇಷ್ಟಬಂದಂತೆ ನಡೆಯಲಾಗಲಿಲ್ಲ, ಬಿಡುಗಡೆಯನ್ನು ಬರಹದಲ್ಲಿ ಕೊಡಬೇಕಾಯಿತು.

ಬೆನೆ ಇಸ್ರಾಯೇಲರು

ಬೆನ್ ಯಿಜು ತೀರಿಕೊಂಡ ಕೆಲವು ದಶಕಗಳ ಮೇಲೆ ಮೈಮೊನಿದೆಸನು ಫ್ರಾನ್ಸಿನ ಲೂನೆಲ್ ಊರಿನ ಪಂಡಿತರಿಗೆ ಬರೆದ ಪತ್ರದಲ್ಲಿ, ಇಂಡಿಯಾದ ಯೆಹೂದ್ಯರಿಗೆ ಸಬ್ಬತ್ ಮತ್ತು ಸುನ್ನತಿಯ ಹೊರತು ಧರ್ಮಶಾಸ್ತ್ರದ ಪರಿಚಯವಿಲ್ಲವೆಂಬ ಅರ್ಥದ ಮಾತನ್ನು ಹೇಳಿದನು. ಪಂಡಿತ ವ್ಯಾಪಾರಿಗಳು ಬಂದುಹೋಗುವ ಬಂದರುಗಳ ಆಚೆಗೆ ಅಂಥ ಯೆಹೂದ್ಯರು ನಿಜವಾಗಿಯೂ ಇದ್ದರು. ಕೊಂಕಣದ ಹಳ್ಳಿಗಳಲ್ಲಿ ಗಾಣದೆಣ್ಣೆ ತೆಗೆಯುತ್ತಿದ್ದ ಬೆನೆ ಇಸ್ರಾಯೇಲರನ್ನು ನೆರೆಯವರು 'ಶನಿವಾರ ತೇಲಿ' ಎಂದು ಕರೆಯುತ್ತಿದ್ದರು. ಶನಿವಾರ ಅವರು ಗಾಣ ಕಟ್ಟುತ್ತಿರಲಿಲ್ಲ. ಅವರಿಗೆ ರಬ್ಬಿಗಳಿರಲಿಲ್ಲ, ತಲ್ಮೂದ್ ತಿಳಿದಿರಲಿಲ್ಲ. ಸಬ್ಬತ್, ಸುನ್ನತಿ, ಕೆಲವು ಉಪವಾಸಗಳು, ಆಹಾರದ ನಿಯಮಗಳು, ಮತ್ತು ದೇವರು ಒಬ್ಬನೇ ಎಂದು ಸಾರುವ 'ಶೆಮಾ' ವಾಕ್ಯ: ಇವಿಷ್ಟನ್ನು ತಾಯಿತಂದೆಯರಿಂದ ಮಕ್ಕಳು ಕಲಿಯುತ್ತಾ ಬಂದರು.

ಈ ಸಮುದಾಯದ ಚರಿತ್ರೆಯು ಮೈಸೂರು ರಾಜ್ಯವನ್ನೂ ಮುಟ್ಟುತ್ತದೆ. ಮಾವಳ್ಳಿಯ ಮಗ್ಗುಲಲ್ಲಿರುವ ಲಾಲ್‌ಬಾಗ್ ತೋಟವನ್ನು ಆರಂಭಿಸಿದವನು ಹೈದರಾಲಿ, ಬೆಳೆಸಿದವನು ಟಿಪ್ಪು. ಅವರು ಬ್ರಿಟಿಷರೊಡನೆ ಮಾಡಿದ ಯುದ್ಧಗಳಲ್ಲಿ ಕಂಪನಿಯ ಸೈನ್ಯದ ಬೆನೆ ಇಸ್ರಾಯೇಲ್ ಅಧಿಕಾರಿ ಸಾಮುವೇಲ್ ದಿವೇಕರರು ಸೆರೆಸಿಕ್ಕರೆಂದೂ, ಬಿಡುಗಡೆಯಾದರೆ ಸಭಾಮಂದಿರ ಕಟ್ಟಿಸುವುದಾಗಿ ಹರಕೆ ಹೊತ್ತರೆಂದೂ ಆ ಸಮುದಾಯದ ಪರಂಪರೆ ಹೇಳುತ್ತದೆ. 1796ರಲ್ಲಿ ಅವರು ಮುಂಬಯಿಯಲ್ಲಿ ಕಟ್ಟಿಸಿದ ಸಭಾಮಂದಿರಕ್ಕೆ 'ಕರುಣೆಯ ಬಾಗಿಲು' ಎಂದು ಹೆಸರು. ಅಲ್ಲಿ ಪ್ರಾರ್ಥನೆ ನಡೆಸಲು, ಇಬ್ರಿಯ ಕಲಿಸಲು ಕೊಚ್ಚಿಯಿಂದ ಯೆಹೂದ್ಯ ಬೋಧಕರು ಬಂದರು. 19ನೆಯ ಶತಮಾನದಲ್ಲಿ ಮುಂಬಯಿಯ ಸ್ಕಾಟಿಷ್ ಮಿಷನರಿ ಜಾನ್ ವಿಲ್ಸನರೂ ಅವರ ಮಕ್ಕಳಿಗೆ ಶಾಲೆಗಳಲ್ಲಿ ಇಬ್ರಿಯ ಕಲಿಸಿದರು. ಮರಾಠಿಯಲ್ಲಿ ಇಬ್ರಿಯ ವ್ಯಾಕರಣವನ್ನು ಬರೆದರು. ಮಿಷನರಿಗಳ ಆಶಯ ಬೇರೆಯಿತ್ತು. ಫಲವಾದರೋ ಇದು: ಬೆನೆ ಇಸ್ರಾಯೇಲರು ಕಲಿತ ಭಾಷೆಯಿಂದ ತಮ್ಮ ಪ್ರಾರ್ಥನಾಗ್ರಂಥಗಳನ್ನು ಓದಿಕೊಂಡು ಯೆಹೂದ್ಯರಾಗಿಯೇ ಉಳಿದರು.

ಅಧಿಕಾರವು ಗಾಯಮಾಡಿದಾಗ

ಯುರೋಪಿನಲ್ಲಿ ಇದೇ ಶತಮಾನದಲ್ಲಿ ರಬ್ಬಿಯ ಉದ್ಯೋಗ ಬದಲಾಗುತ್ತಿತ್ತು. ಯೆಹೂದ್ಯರು ನಾಗರಿಕರೆನಿಸಿದಂತೆ ಸರಕಾರದ ನ್ಯಾಯಾಲಯಗಳು ರಬ್ಬಿಯ ತೀರ್ಪಿನ ಅಧಿಕಾರವನ್ನು ತೆಗೆದುಕೊಂಡವು. ಅವನು ಪ್ರಸಂಗಿಯೂ ರೋಗಿಗಳನ್ನು ಕಾಣುವ ಪಾಲಕನೂ ಆದನು. 1829ರಲ್ಲಿ ಪಾದುವ, 1854ರಲ್ಲಿ ಬ್ರೆಸ್ಲಾವ್ ಊರುಗಳಲ್ಲಿ ನಮ್ಮ ದೈವಜ್ಞಾನ ಶಾಲೆಗಳಂಥ ವಿದ್ಯಾಲಯಗಳು ತೆರೆದವು. 1935ರಲ್ಲಿ ಜರ್ಮನಿಯ ರೆಗೀನಾ ಯೋನಾಸ್ ದೀಕ್ಷೆ ಪಡೆದ ಮೊದಲ ಮಹಿಳಾ ರಬ್ಬಿಯಾದರು. 1944ರಲ್ಲಿ ಆಕೆ ಆಶ್ವಿತ್ಸ್‌ನಲ್ಲಿ ಕೊಲ್ಲಲ್ಪಟ್ಟರು. ಆದುದರಿಂದ 'ಯೆಹೂದ್ಯರ ಪಾದ್ರಿ' ಎಂಬ ನಮ್ಮ ವಿವರಣೆ ಸರಿಹೊಂದುವುದು ಈಚಿನ ಎರಡು ಶತಮಾನಗಳ ರಬ್ಬಿಗೆ. ಅದನ್ನು ಸುವಾರ್ತೆಗಳ ಕಾಲಕ್ಕೆ ಹಚ್ಚುವುದು ತಪ್ಪು.

ಹೊಸ ಇಸ್ರಾಯೇಲ್ ರಾಷ್ಟ್ರದಲ್ಲಿ ಮದುವೆಯ ವಿಷಯದ ಅಧಿಕಾರ ರಬ್ಬಿಗಳ ನ್ಯಾಯಸಭೆಗಳಲ್ಲೇ ಉಳಿಯಿತು. ಅಲ್ಲಿಗೆ ವಲಸೆಹೋದ ಬೆನೆ ಇಸ್ರಾಯೇಲರು ಇತರ ಯೆಹೂದ್ಯರನ್ನು ಮದುವೆಯಾಗಲು ಹೋದಾಗ ಕೆಲವು ರಬ್ಬಿಗಳು ತಡೆದರು. ಅವರ ವಾದ ಇದು: ಇಂಡಿಯಾದಲ್ಲಿ ಶತಮಾನಗಳ ಕಾಲ ರಬ್ಬಿಗಳಿರಲಿಲ್ಲ, ಆದ್ದರಿಂದ ವಿಚ್ಛೇದನೆಗಳು ವಿಧಿಯಂತೆ ನಡೆದಿರಲಾರವು, ಅಂಥ ವಿಚ್ಛೇದನೆಯ ನಂತರದ ಮದುವೆಯಿಂದ ಹುಟ್ಟಿದವರ ಸ್ಥಿತಿ ಸಂದೇಹಾಸ್ಪದ. 1962ರಲ್ಲಿ ಪ್ರಧಾನ ರಬ್ಬಿಗಳ ಕಚೇರಿ ಹೊರಡಿಸಿದ ಸೂಚನೆಯು ಅವರ ಪೂರ್ವಜರ ವಿಚಾರಣೆ ಮಾಡಬೇಕೆಂದಿತು. ಬೆನೆ ಇಸ್ರಾಯೇಲರು ಪ್ರತಿಭಟಿಸಿದರು. 1964ರಲ್ಲಿ ಇಸ್ರಾಯೇಲಿನ ಸಂಸತ್ತು ಅವರು ಎಲ್ಲ ವಿಷಯಗಳಲ್ಲೂ ಪೂರ್ಣ ಯೆಹೂದ್ಯರೆಂದು ಘೋಷಿಸಿತು. ರಬ್ಬಿಗಳು ಸೂಚನೆಯನ್ನು ತಿದ್ದಿದರು. ಗಾಣ ನಿಲ್ಲಿಸಿ ಸಬ್ಬತ್ತನ್ನು ಕಾಪಾಡಿದವರ ಮೊಮ್ಮಕ್ಕಳು ತಾವು ಯೆಹೂದ್ಯರೆಂದು ತೋರಿಸಲು ಬೀದಿಯಲ್ಲಿ ಕೂರಬೇಕಾಯಿತು.

ನಮ್ಮ ಸಭೆಯ ಮುಂದಿರುವ ಪ್ರಶ್ನೆ

ಈ ಚರಿತ್ರೆಯನ್ನು ಹೊರಗಿನವರ ಕಥೆಯೆಂದು ಓದಿ ಮುಗಿಸುವಂತಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಸಭಾಪಾಲಕರು ತಿಂಗಳಿಗೊಮ್ಮೆ ಬರುವ ಸಭೆಗಳು ಎಷ್ಟೋ ಇವೆ. ಅಲ್ಲಿ ಉಳಿದ ಭಾನುವಾರಗಳಲ್ಲಿ ವಾಕ್ಯವನ್ನು ಓದುವವರು ಉಪದೇಶಿಗಳು, ಶಾಲೆಯ ಮಾಸ್ತರರು, ಸ್ತ್ರೀಸಮಾಜದ ಹಿರಿಯ ತಾಯಂದಿರು. ಗುರುದೀಕ್ಷೆಯಿಲ್ಲದ ಇವರ ಸೇವೆಯನ್ನು ನಾವು 'ಸದ್ಯಕ್ಕೆ ಮಾಡಿಕೊಂಡ ಏರ್ಪಾಡು' ಎಂದು ಎಣಿಸುತ್ತೇವೆ. ಬೆನೆ ಇಸ್ರಾಯೇಲರ ಚರಿತ್ರೆಯು ಈ ಎಣಿಕೆಯನ್ನು ಪ್ರಶ್ನಿಸುತ್ತದೆ. ದೇವಜನರನ್ನು ಶತಮಾನಗಳ ಕಾಲ ಉಳಿಸಿದ್ದು ಮನೆಯಲ್ಲಿ ಕಲಿಸಿದ ಸ್ವಲ್ಪವೇ ಪಾಠ ಮತ್ತು ಬಿಡದೆ ನಡೆಸಿದ ಆಚರಣೆ.

ಅದೇ ಚರಿತ್ರೆ ಇನ್ನೊಂದು ಕಡೆಯನ್ನೂ ತೋರಿಸುತ್ತದೆ. ವಿದ್ಯೆಯು ದೊರಕಿದಾಗ ಬೆನೆ ಇಸ್ರಾಯೇಲರು ಅದನ್ನು ಬಾಯಾರಿದವರಂತೆ ಸ್ವೀಕರಿಸಿದರು. ಬೆನ್ ಯಿಜುವಿನ ಪತ್ರಕ್ಕೆ ಬೆಲೆ ಬಂದದ್ದು ದೂರದ ನ್ಯಾಯಸಭೆಗಳೂ ಒಪ್ಪುವ ಭಾಷೆಯಲ್ಲಿ ಅದನ್ನು ಬರೆದುದರಿಂದ. ಒಂದು ಊರಿನ ಸಭೆಯನ್ನು ಇತರ ಸಭೆಗಳಿಗೂ ಹಿಂದಿನ ಪೀಳಿಗೆಗಳಿಗೂ ಜೋಡಿಸುವುದು ಕಲಿತ ಬೋಧಕರ ಕೆಲಸ. ದೀಕ್ಷೆಯ ಅರ್ಥವೂ ಅಲ್ಲಿಯೇ ಇದೆ. ಆ ಜೋಡಣೆಯನ್ನು ಮರೆತು, ದೀಕ್ಷೆಯಿಲ್ಲದವರ ವಿಶ್ವಾಸವನ್ನು ಅಳೆಯುವ ಕೋಲಾಗಿ ಅದನ್ನು ಹಿಡಿದರೆ, 1962ರ ತಪ್ಪನ್ನು ನಾವೂ ಮಾಡುತ್ತೇವೆ. ಬೇರೆ ಸಭೆಯಿಂದ ಬಂದವರ ದೀಕ್ಷಾಸ್ನಾನವನ್ನೂ ಮದುವೆಯನ್ನೂ ನಾವು ಪರೀಕ್ಷಿಸುವ ರೀತಿಯಲ್ಲಿ ಆ ತಪ್ಪಿನ ನೆರಳು ಇಲ್ಲವೆನ್ನಲಾಗದು.

ರಬ್ಬಿ ಎಂದು ಕರೆಯಿಸಿಕೊಳ್ಳಬೇಡಿರಿ, ನಿಮಗೆ ಒಬ್ಬನೇ ಬೋಧಕನು, ನೀವೆಲ್ಲರೂ ಸಹೋದರರು ಎಂದು ಯೇಸು ಶಿಷ್ಯರಿಗೆ ಬೋಧಿಸಿದ್ದನ್ನು ಮತ್ತಾಯನು ಬರೆದಿದ್ದಾನೆ. ಈ ವಾಕ್ಯವನ್ನು ಯೆಹೂದ್ಯರ ಮೇಲಿನ ಖಂಡನೆಯಾಗಿ ಪ್ರಸಂಗಿಸುವುದು ಸುಲಭ. ಆದರೆ ಕೆಲಸವನ್ನು ಪ್ರೀತಿಸು, ಒಡೆತನವನ್ನು ದ್ವೇಷಿಸು ಎಂಬ ಬೋಧನೆಯು ರಬ್ಬಿಗಳ 'ಪಿತೃಗಳು' ಭಾಗದಲ್ಲಿಯೂ ಇದೆ. ಅಲ್ಲಿ ಒಡೆತನಕ್ಕೆ ಬಳಸಿದ ಇಬ್ರಿಯ ಪದ 'ರಬ್ಬಾನೂತ್', ರಬ್ಬಿ ಎಂಬ ಪದದ ಒಡಹುಟ್ಟು. ಎರಡು ಮಾತುಗಳೂ ಮೊದಲು ತಮ್ಮ ತಮ್ಮ ಬೋಧಕರಿಗೇ ಹೇಳಿದವು. ಗುರುದೀಕ್ಷೆಗೆ ಸಿದ್ಧರಾಗುತ್ತಿರುವ ನಮ್ಮ ವಿದ್ಯಾರ್ಥಿಗಳು ಮತ್ತಾಯನ 23ನೆಯ ಅಧ್ಯಾಯದ ಮೇಲೆ ಪ್ರಸಂಗ ಬರೆಯುವ ಮುನ್ನ ಒಮ್ಮೆ ಮೈಸೂರು ರಸ್ತೆಯ ಆ ಸಮಾಧಿಭೂಮಿಗೆ ಹೋಗಿಬರಲಿ. ಅಲ್ಲಿ ಮಲಗಿರುವವರು ರಬ್ಬಿಯಿಲ್ಲದ ಊರಿನಲ್ಲಿ ಧರ್ಮಶಾಸ್ತ್ರವನ್ನು ಬಿಡದೆ ಬಾಳಿದವರು.